ಅರಕಲಗೂಡಿನಲ್ಲಿಟ್ಟ ಬಿತ್ತನೆ ಬೀಜ

ಹಾಸನದ ಮನೆಯಲ್ಲಿ ಕೂತು ಒಂದು ಆಸ್ಪತ್ರೆಯ ದಾಖಲೆಗಳಿಗೆ ಕ್ಲೌಡ್ ವ್ಯವಸ್ಥೆ ಕಟ್ಟಿದ್ದೆ. ಮುಂಬೈಯ ಸರ್ವರ್‌ನಲ್ಲಿರುವ ದಾಖಲೆಗಳ ಪ್ರತಿ ಹಾಳಾದರೂ ಹೈದರಾಬಾದಿನಲ್ಲಿ ಇನ್ನೊಂದು ಇದೆಯೆಂದು ನನಗೆ ಭಾರೀ ಜಂಬ.

ಒಂದು ಭಾನುವಾರ ಹೊಳೆನರಸೀಪುರದ ದೊಡ್ಡಮ್ಮನ ಮನೆಗೆ ಹೋದಾಗ ಅವರು ಜಗಲಿಯ ಎಳೆಬಿಸಿಲಲ್ಲಿ ಒದ್ದೆ ಬಟ್ಟೆಯ ಗಂಟು ಬಿಚ್ಚುತ್ತಿದ್ದರು. ಒಳಗೆ ಅವರೆಕಾಳು. ಹುಳ ಹೊಡೆದೀತೆಂಬ ಭಯಕ್ಕೆ ಅರ್ಧ ಬಿತ್ತನೆ ಬೀಜವನ್ನು ಅವರು ಅರಕಲಗೂಡಿನ ತಂಗಿಯ ಮನೆಯಲ್ಲಿ ಇಟ್ಟಿರುತ್ತಾರೆ. ಇದು ಅಲ್ಲಿಂದ ತರಿಸಿದ ಒಂದು ಹಿಡಿ.

"ಅಲ್ಲಿ ಭದ್ರವಾಗೇ ಐತಲ್ಲ ದೊಡ್ಡಮ್ಮ, ಮತ್ತೆ ನೆನೆಹಾಕಿ ನೋಡೋದ್ಯಾಕೆ?" ಎಂದು ನಕ್ಕೆ.

"ಇದ್ರೆ ಆಯ್ತೇನ್ಲಾ? ಮೊಳೀಬೇಡ್ವಾ?"

ಕಾಳುಗಳು ನಿದ್ದೆಯಿಂದ ಎದ್ದಂತೆ ಬಿಳಿ ಮೊಳಕೆ ಚಾಚಿ ಮೈಮುರಿಯುತ್ತಿದ್ದವು. ಹೈದರಾಬಾದಿನ ಪ್ರತಿಯನ್ನು ನಾನು ಒಂದು ಸಲವೂ ತೆರೆದು ನೋಡಿರಲಿಲ್ಲ.