ಎಡಗಡೆಯ ಅಂಚು

ನನ್ನ ಗಂಡ ನೇಯ್ದ ಧೋತರದ ಅಂಚಿನಲ್ಲಿ ತಪ್ಪು ಹಿಡಿದವರು ನಮ್ಮೂರು ಗರಗದಲ್ಲಿ ಯಾರೂ ಇರಲಿಲ್ಲ. ಹುಡುಕಿದರೂ ಸಿಗದಂತೆ ನಾನು ನೋಡಿಕೊಂಡಿದ್ದೆ. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ. ನಾನು ಕಾಯ್ದ ಆ ಮಾನಕ್ಕೇ ಅವರ ಕಣ್ಣು ಹೋದವು.

ಎರಡನೇ ದೊಡ್ಡ ಯುದ್ಧ ಸುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಊರ ತುಂಬ ಖಾದಿಯ ಭರಾಟೆ. ಪಡಸಾಲೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಅವರು ನೇಯುತ್ತಿದ್ದರೆ, ಪಕ್ಕದಲ್ಲಿ ಕೂತು ನಾನು ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುತ್ತಿದ್ದೆ. ಬೇರೆಯವರ ಬಟ್ಟೆಯ ಅಂಚು ಸೊಟ್ಟಗಿದ್ದರೆ ಅವರು ಮುಖಕ್ಕೇ ಹೇಳುವವರು: "ಅಂಚು ನೆಟ್ಟಗ ಬರದಾಂವ ಮಗ್ಗ ಬಿಟ್ಟು ಎಮ್ಮಿ ಕಾಯ್ಬೇಕು." ಬಾಯಿ ಜೋರು. ಕೆಲಸವೂ ಹಾಗೇ ಇತ್ತು, ಸುಳ್ಳಲ್ಲ.

ಒಂದು ಮಧ್ಯಾಹ್ನ ನೋಡುತ್ತೇನೆ, ಎಡಗಡೆಯ ಅಂಚಿನಲ್ಲಿ ಎರಡು ಎಳೆ ಹರಿದಿವೆ. ಅವರು ಲಾಳಿ ನಿಲ್ಲಿಸದೆ ಗೇಣುದ್ದ ಹಾಗೇ ನೇಯ್ದುಬಿಟ್ಟಿದ್ದಾರೆ. ಹೇಳಬೇಕೆಂದು ಬಾಯಿ ತೆರೆದೆ. ಎಮ್ಮೆಯ ಮಾತು ನೆನಪಾಗಿ ಮುಚ್ಚಿಕೊಂಡೆ. ಅವರು ಊಟ ಮಾಡಿ ಅಡ್ಡಾದಾಗ ಕುಣಿಗಿಳಿದು, ಸೂಜಿಯಿಂದ ಎಳೆ ತೂರಿಸಿ, ಗಂಟು ಹಾಕಿದೆ. ಒಂದು ಸಲದ ಮಾತು ಅಂದುಕೊಂಡಿದ್ದೆ. ಅದೇ ನಿತ್ಯದ ಕೆಲಸವಾಗಿ ಎರಡು ವರ್ಷ ನಡೆಯಿತು.

ಈ ನಡುವೆ ಅವರಿಗೆ ತಲೆನೋವು ಗಂಟುಬಿತ್ತು. ಸಂಜೆ ದೀಪ ಹಚ್ಚಿದರೆ, "ದೀಪಕ್ಕ ಯಾರೋ ಬಣ್ಣದ ಬಳಿ ತೊಡಿಸ್ಯಾರ ನೋಡ" ಎಂದು ನಗುತ್ತಿದ್ದರು. ಅದು ಕಣ್ಣಿನ ರೋಗವೆಂದು ತಿಳಿಯದೆ ನಾನೂ ನಗುತ್ತಿದ್ದೆ, ನನ್ನ ಮಂಕುತನಕ್ಕೆ ಮಿತಿ ಬೇಡವೇ! ಹಣೆಗೆ ಸುಂಠಿ ತೇಯ್ದು ಹಚ್ಚಿ, ತಲೆಗೆ ರುಮಾಲು ಬಿಗಿದು ಕಟ್ಟುತ್ತಿದ್ದೆ. "ಇನ್ನಷ್ಟು ಬಿಗಿ" ಅನ್ನುವರು, ಬಿಗಿಯುತ್ತಿದ್ದೆ. ಒಂದು ದಿನ ಅವರ ಎಡ ಭುಜ ಬಾಗಿಲಿಗೆ ಬಡಿಯಿತು. "ಇದನ್ನ ಇಲ್ಲಿ ಯಾರ ತಂದಿಟ್ಟಾರ?" ಎಂದು ತಾವೇ ನಿಲ್ಲಿಸಿದ್ದ ಬಾಗಿಲಿಗೆ ಬಾಯಿಗೆ ಬಂದಂತೆ ಬೈದರು.

ನೋವಿಗೆ ವಾಂತಿಯೂ ಸೇರಿಕೊಂಡಾಗ ಚಕ್ಕಡಿ ಹೂಡಿಸಿ ಧಾರವಾಡಕ್ಕೆ ಕರೆದೊಯ್ದೆ. ಕಣ್ಣಿನ ಡಾಕ್ಟರರು ವಯಸ್ಸಾದವರು. ಮುಚ್ಚಿದ ರೆಪ್ಪೆಗಳ ಮೇಲೆ ಎರಡು ಬೆರಳಿಟ್ಟು ಮೆಲ್ಲಗೆ ಒತ್ತಿ ನೋಡಿದರು. ಕನ್ನಡಿ ಹಿಡಿದು ಬಹಳ ಹೊತ್ತು ಕಣ್ಣೊಳಗೆ ನೋಡಿದರು.

"ಪೊರಿ ಬರೂ ಮೋತಿಬಿಂದು ಅಲ್ಲ, ಇದು ಕಾಚಬಿಂದು," ಅಂದರು. ಈಗಿನವರು ಗ್ಲಾಕೋಮಾ ಅನ್ನುವುದು ಇದಕ್ಕೇ. "ಕಣ್ಣಿನ ಒಳಗ ನೀರೈತಿ. ತಲಿಬುರುಡಿ ಒಳಗ ಮಿದುಳಿನ ಸುತ್ತನೂ ನೀರೈತಿ. ಎರಡಕ್ಕೂ ಅದರದರ ಒತ್ತಡ ಇರತೈತಿ. ನೋಟದ ನರ ಅವೆರಡರ ನಡುವ ಹಾದು ಹೋಗತೈತಿ. ಕಣ್ಣಿನ ಕಡೆ ಒತ್ತಡ ಹೆಚ್ಚಾದ್ರ ನರ ಹಿಂದಕ್ಕ ಬಾಗಿ ಒಣಗತೈತಿ. ಇದರಾಗ ತಲಿ ಕಡೆ ಒತ್ತಡದ ಪಾಲು ಎಷ್ಟು ಅನ್ನೂದು ನನಗೂ ಪೂರಾ ತಿಳಿದಿಲ್ಲ."

"ಅಂದ್ರ ಮಗ್ಗದ ಹಾಸಿನ ಎಳಿ ಇದ್ದಂಗ, ಒಂದ ಕಡೆ ಬಿಗಿ, ಇನ್ನೊಂದ ಕಡೆ ಸಡ್ಲ ಆಗೇತಿ ಅನ್ರಿ," ಅಂದರು ನನ್ನ ಗಂಡ.

"ಬರೋಬ್ಬರಿ ಹೇಳಿದ್ರಿ." ಡಾಕ್ಟರರು ಕುರ್ಚಿ ಹತ್ತಿರ ಎಳೆದುಕೊಂಡರು. "ಈ ರೋಗ ನೋಟಾನ ಬದಿಯಿಂದ ತಿನ್ನಕೋಂತ ಬರತೈತಿ. ನಡುವಿಂದು ಕಡೀಕ ಹೋಗತೈತಿ. ವರ್ಷ ಎರಡು ವರ್ಷ ಮೊದಲ ಬಂದಿದ್ರ ಬೇಕಾದಷ್ಟು ಉಳಸಬಹುದಿತ್ತು. ನೇಕಾರರು ನೀವು, ಅಂಚಿನ ಎಳಿ ಹರಿದದ್ದು ನಿಮಗ ಕಾಣದಂಗ ಆಗಿರಲಿಲ್ಲೇನು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಸೂಜಿ ಚುಚ್ಚಿ ಒರಟಾದ ನನ್ನ ಬೆರಳು ಸೆರಗಿನೊಳಗೆ ಸರಿದವು.

"ನನ್ನ ಅಂಚು ಇವತ್ತಿಗೂ ತಪ್ಪಿಲ್ರಿ," ಅಂದರು ಅವರು. "ಬೇಕಾದ್ರ ಇಕಿನ್ನ ಕೇಳ್ರಿ."

ಡಾಕ್ಟರರು ನನ್ನ ಕಡೆ ತಿರುಗಿದರು. ನಾನು "ಹೌದ್ರಿ" ಅಂದೆ.

ಎಡಗಣ್ಣು ಆಗಲೇ ಕೈಬಿಟ್ಟಿತ್ತು. ಬಲಗಣ್ಣಿಗೆ ಶಸ್ತ್ರಕ್ರಿಯೆ ಮಾಡಿದರು. ಒಂದು ದೀಪಾವಳಿ ಕಂಡಿತು, ಮುಂದಿನದು ಕಾಣಲಿಲ್ಲ. ಮಗ್ಗ ಮೈದುನನ ಮನೆಗೆ ಹೋಯಿತು. ಅದನ್ನು ಬಿಚ್ಚಿಕೊಡಲು ನನ್ನ ಗಂಡ ತಾವೇ ಕೈ ಹಚ್ಚಿದರು. ಯಾವ ಗೂಟ ಎಲ್ಲಿದೆ ಎಂದು ಅವರ ಕೈಗೆ ಗೊತ್ತಿತ್ತು.

ಮಗ್ಗ ಹೋದ ಕೆಲವು ದಿನಕ್ಕೆ ನಾನು ಜೋಳ ಹಸನು ಮಾಡುತ್ತಿದ್ದೆ. ಅವರು ತಾವೇ ನೇಯ್ದ ಹಳೆಯ ಧೋತರವೊಂದನ್ನು ತೊಡೆಯ ಮೇಲೆ ಹಾಕಿಕೊಂಡು, ಎಡ ಅಂಚಿನುದ್ದಕ್ಕೂ ಹೆಬ್ಬೆರಳು ಸರಿಸುತ್ತಿದ್ದರು. ಬೆರಳು ನಿಂತಿತು. ಮತ್ತೆ ಸರಿಯಿತು, ಮತ್ತೆ ನಿಂತಿತು.

"ಇಲ್ಲಿ ಬಾ," ಅಂದರು. "ಈ ಗಂಟು ನನ್ನವಲ್ಲ."

ನಾನು ಮೊರ ಕೆಳಗಿಟ್ಟೆ.

"ಎಷ್ಟು ದಿನದಿಂದ ಹಾಕಾಕತ್ತಿದ್ದಿ?"

"ಎರಡು ವರ್ಷ ಹಾಕೇನ್ರಿ. ಮಂದಿ ನಿಮಗ ನಗಬಾರದಂತ..." ಅವರ ಮುಂದೆ ಕೂತು ಅತ್ತೆ.

ಅವರು ಧೋತರವನ್ನು ಅಂಚಿಗೆ ಅಂಚು ಕೂಡಿಸಿ ಮಡಚಿದರು. "ಗಂಟು ಛಲೋ ಹಾಕೀದಿ," ಅಂದರು. "ನನಗ ಒಂದ ಮಾತು ಹೇಳಬೇಕಾಗಿತ್ತು."

ಬೈಯುತ್ತಾರೆಂದು ಕಾಯುತ್ತ ಕೂತೆ. ಬಾಗಿಲಿಗೆ ಬೈದವರು ನನಗೆ ಬೈಯಲಿಲ್ಲ. ಮರುದಿನ ಸ್ನಾನ ಮಾಡಿ ಅದೇ ಧೋತರ ಉಟ್ಟುಕೊಂಡರು.