ಅವತ್ತು ಗಾಡಿ ಹತ್ತಿಕೊಳ್ಳಲಿಲ್ಲ

ನಮ್ಮ ಯಜಮಾನರ ಬಲಗಾಲನ್ನು ಮಂಡಿಯಿಂದ ಕೆಳಗೆ ತೆಗೆದ ಮೇಲೆ ಅವರ ಬೈಕು ಅಂಗಳದ ಮೂಲೆಯಲ್ಲಿ ಗೋಣಿತಾಟು ಹೊದ್ದುಕೊಂಡು ನಿಂತಿತ್ತು. ಕನಕಪುರದ ರಸ್ತೆಯಲ್ಲಿ ಲಾರಿ ಗುದ್ದಿದಾಗ ಗಾಡಿಗೆ ಆಗಿದ್ದೆಂದರೆ ಮುಂದಿನ ಲೈಟು ಒಡೆದದ್ದು, ಹ್ಯಾಂಡಲ್ಲು ಸ್ವಲ್ಪ ಸೊಟ್ಟಗಾದದ್ದು, ಅಷ್ಟೆ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವರು ಎಲ್ಲಕ್ಕಿಂತ ಮೊದಲು ಅದರ ತಾಟು ಸರಿಸಿ ನೋಡಿದರು. “ಇದಕ್ಕೇನೂ ಆಗಿಲ್ವಲ್ಲ” ಅಂದರು. ಸಮಾಧಾನದಲ್ಲಿ ಅಂದರು ಅಂತಲೇ ನಾನು ತಿಳಿದುಕೊಂಡೆ.

ನಮ್ಮೂರು ವಿರೂಪಾಕ್ಷಿಪುರದ ಕಡೆ. ರೇಷ್ಮೆಗೂಡಿನ ಮೂಟೆ ಕಟ್ಟಿಕೊಂಡು ಅವರು ರಾಮನಗರದ ಮಾರ್ಕೆಟ್ಟಿಗೆ ಹೋಗುತ್ತಿದ್ದದ್ದು ಅದೇ ಗಾಡಿಯಲ್ಲಿ. ಅದರ ಸದ್ದು ಕೇಳಿದರೆ ಬೀದಿಯವರು ತಲೆ ಎತ್ತದೆಯೇ ಅವರ ಹೆಸರು ಹೇಳುತ್ತಿದ್ದರು. ಕಾಲು ಹೋದ ಮೇಲೆ ಹುಳ ಸಾಕುವುದು ನಿಂತಿತು. ನಾನು ಬಿಡದಿಯ ಒಂದು ಫ್ಯಾಕ್ಟರಿಯಲ್ಲಿ, ಕಂಟ್ರಾಕ್ಟರ್ ಕೈಕೆಳಗೆ, ಪ್ಯಾಕಿಂಗ್ ಕೆಲಸಕ್ಕೆ ಸೇರಿದೆ. ನಮ್ಮೂರಿಗೆ ಬೆಳಗಿನ ಬಸ್ಸು ಬರುವಷ್ಟರಲ್ಲಿ ಅಲ್ಲಿ ಶಿಫ್ಟು ಶುರುವಾಗಿರುತ್ತಿತ್ತು. ಗಾಡಿ ಕಲಿಯದೆ ಬೇರೆ ದಾರಿಯಿರಲಿಲ್ಲ.

ಕಲಿಸಿದವರೂ ಅವರೇ. ಕೆರೆ ಏರಿಯ ಮೇಲೆ ಕಲ್ಲಿನ ಮೇಲೆ ಕೂತು, ಊರುಗೋಲು ಬೀಸಿ ಬೀಸಿ ಬಯ್ಯುತ್ತಿದ್ದರು. “ಕ್ಲಚ್ ಬುಡೇ, ಮೆತ್ತಗೆ ಬುಡೇ! ಎಮ್ಮೆ ಬಾಲ ಹಿಡ್ಕೊಂಡಂಗೆ ಹಿಡ್ಕೊಂಡವ್ಳೆ ನೋಡು!” ನಾನು ಬಿದ್ದೆ, ಎದ್ದೆ, ಒಂದು ತಿಂಗಳಾಗುವುದರೊಳಗೆ ಹೆದ್ದಾರಿಗೆ ಹತ್ತಿದೆ.

ಪಕ್ಕದ ಮನೆಯವರು ನಮ್ಮ ಯಜಮಾನರಿಗೆ ದೊಡ್ಡಪ್ಪನ ಮಗ, ನನಗೆ ಭಾವ. ದಿನಾ ನಾನು ಹೊರಡುವ ಹೊತ್ತಿಗೆ ಬಾಯಲ್ಲಿ ಬ್ರಷ್ ಇಟ್ಟುಕೊಂಡು ಈಚೆ ಬಂದು ನಿಲ್ಲುತ್ತಿದ್ದರು. ಒಂದು ದಿನ ಜಗಲಿ ಮೇಲೆ ಕೂತಿದ್ದ ನಮ್ಮವರಿಗೆ, “ಏನ್ಲಾ, ಗಾಡೀನೂ ಹೋಯ್ತು, ಗಾಡಿ ಮ್ಯಾಲೆ ಹೆಂಡ್ತೀನೂ ಹೋದ್ಲು. ಇನ್ನು ನೀನು ಸೀರೆ ಉಟ್ಕೊಂಡು ಮುದ್ದೆ ತಿರುವು ಕಣ್ಲಾ” ಅಂದರು. ನಮ್ಮವರು ನಕ್ಕರು. ಸಂಜೆ ನಾನು ವಾಪಸು ಬಂದಾಗ ಮುದ್ದೆಯ ಪಾತ್ರೆ ಅಂಗಳದಲ್ಲಿ ಬೋರಲು ಬಿದ್ದಿತ್ತು. ಕೈಜಾರಿತು ಅಂದರು.

ಆಮೇಲೆ ಆ ಬೆಳಿಗ್ಗೆ ಬಂತು. ಸೆಲ್ಫ್ ಒತ್ತಿದೆ. ಇಂಜಿನ್ ಕರಕರ ತಿರುಗಿತು, ಹತ್ತಿಕೊಳ್ಳಲಿಲ್ಲ. ಮತ್ತೆ ಒತ್ತಿದೆ. ತಿರುಗುತ್ತದೆ, ತಿರುಗುತ್ತದೆ, ಉಸಿರು ಮಾತ್ರ ಬರುವುದಿಲ್ಲ.

“ಏನಾಯ್ತೇ?” ಜಗಲಿಯಿಂದ ಕೇಳಿದರು.

“ಸ್ಟಾರ್ಟ್ ಆಯ್ತಿಲ್ಲ ಕಣ್ರೀ.”

“ಪೆಟ್ರೋಲ್ ಐತಾ ನೋಡು. ಪೈಪ್ ಬಿಚ್ಚು.”

ಬಿಚ್ಚಿದೆ. ಪೆಟ್ರೋಲು ಕೈಮೇಲೆಲ್ಲ ಸುರಿಯಿತು. “ಐತೆ” ಅಂದೆ. ಕಾರ್ಬ್ಯುರೇಟರಿನ ತಳದ ಸ್ಕ್ರೂ ಬಿಚ್ಚಿಸಿ ಕಸ ಹೊರಗೆ ಬಿಡಿಸಿದರು. ಏರ್ ಫಿಲ್ಟರ್ ತೆಗೆಸಿ ಕುಟ್ಟಿಸಿದರು. ಸ್ಪ್ಯಾನರ್ ಜಾರಿ ನನ್ನ ಗೆಣ್ಣಿನ ಚರ್ಮ ಕಿತ್ತುಬಂತು. “ಸೀರೆ ಸೆರಗು ಸುತ್ಕೊ, ಏನಾಗಲ್ಲ” ಅಂದರು. ಅವರ ದನಿ ತುಂಬ ಮೆತ್ತಗಿತ್ತು. ಕೆರೆ ಏರಿ ಮೇಲೆ ಬಯ್ದ ಮನುಷ್ಯ ಇವರೇನಾ ಅನ್ನಿಸಿತು. ಭಾವ ಬೇಲಿ ಹತ್ತಿರ ಬಂದು ನಿಂತರು. ನೀರಿಗೆ ಬಂದ ಹೆಂಗಸರೂ ಬಿಂದಿಗೆ ಇಳಿಸಿ ನಿಂತರು.

“ಪ್ಲಗ್ ಬಿಚ್ಚು” ಅಂದರು. ಬಿಚ್ಚಿದೆ. “ಕ್ಯಾಪ್ ಹಾಕು. ಈಗ ಪ್ಲಗ್ ಕಬ್ಬಿಣಾನ ಬೆರಳಲ್ಲಿ ಬಿಗಿಯಾಗಿ ಹಿಡ್ಕೊಂಡು ಇನ್ನೊಂದು ಕೈಲಿ ಸೆಲ್ಫ್ ಒತ್ತು. ಕಿಡಿ ಬತ್ತದಾ ನೋಡವ.”

ಒತ್ತಿದೆ. ಮೊಣಕೈ ತನಕ ಯಾರೋ ಸುತ್ತಿಗೆಯಲ್ಲಿ ಹೊಡೆದ ಹಾಗಾಯಿತು. ಕಿರುಚಿಕೊಂಡು ಹಿಂದಕ್ಕೆ ಬಿದ್ದೆ. ತಲೆ ಕಲ್ಲುಚಪ್ಪಡಿಗೆ ಬಡಿಯಿತು. ಬಿಂದಿಗೆಯ ಹೆಂಗಸರು ಗೊಳ್ಳೆಂದರು. ಭಾವ ಬೇಲಿ ಹಿಡಿದುಕೊಂಡು ಕೆಮ್ಮು ಬರುವಷ್ಟು ನಕ್ಕರು. ನಮ್ಮವರೂ ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. ಕಾಲು ಹೋದಾಗಿನಿಂದ ಆ ನಗು ನಾನು ಕೇಳಿರಲಿಲ್ಲ. ಕೈ ಜೋಮು ಹಿಡಿದು ನೆಲದ ಮೇಲೆ ಬಿದ್ದಿದ್ದ ನಾನೂ ನಕ್ಕುಬಿಟ್ಟೆ. ಅಷ್ಟು ಸಂತೋಷವಾಗಿತ್ತು ನನಗೆ.

“ಕರೆಂಟ್ ಅಂತೂ ಐತೆ ಬುಡು” ಅಂದರು ಕಣ್ಣೊರೆಸಿಕೊಂಡು.

ಪ್ಲಗ್ ವಾಪಸು ಹಾಕಿದೆ. ಪೆಟ್ರೋಲ್ ಇದೆ, ಕಿಡಿ ಇದೆ, ಗಾಳಿ ಒಳಗೆ ಹೋಗುತ್ತಿದೆ. ಮತ್ತೇನು ಬೇಕು ಇದಕ್ಕೆ? ಒಳಗೆ ಹೋದ ಗಾಳಿ ಹೊರಗೆ ಬರಬೇಕಲ್ಲ. ಸೆಲ್ಫ್ ಒತ್ತುತ್ತಾ ಹಾಗೇ ಹಿಂದಕ್ಕೆ ಬಾಗಿ ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದೆ. ಒಂದಿಷ್ಟೂ ಗಾಳಿ ಬರಲಿಲ್ಲ.

“ಅಲ್ಲೇನ್ ನೋಡ್ತೀಯೇ, ಅಲ್ಲೇನೂ ಇರಕಿಲ್ಲ” ಅಂದರು ಜಗಲಿಯಿಂದ. ಅಲ್ಲಿಯವರೆಗೆ ಇದ್ದ ಮೆತ್ತನೆಯ ದನಿ ಅದಾಗಿರಲಿಲ್ಲ.

ಕೊಕ್ಕೆ ಮೂತಿಯ ಇಕ್ಕಳ ತೂರಿಸಿ ಎಳೆದೆ. ಒದ್ದೆ ಬಟ್ಟೆ. ಎಳೆದಷ್ಟೂ ಬಂತು. ಕೋಲಿನಲ್ಲಿ ಗಿಡಿದು ಗಿಡಿದು ತುಂಬಿದ್ದರು. ಮಸಿ ಹಿಡಿದಿದ್ದರೂ ಕೆಂಪು ಅಂಚು ಕಾಣುತ್ತಿತ್ತು. ಅವರ ಹೆಗಲ ಮೇಲಿನ ಟವಲು; ಎರಡು ದಿನದ ಹಿಂದೆ ನಾನೇ ಒಗೆದು ಹರವಿದ್ದೆ. ಕೈಯಲ್ಲಿ ಹಿಡಿದುಕೊಂಡು ಅವರ ಕಡೆ ತಿರುಗಿದೆ. ಅವರು ರಸ್ತೆ ನೋಡುತ್ತಿದ್ದರು. ಭಾವನಿಗೂ ಗೊತ್ತಾಯಿತು. “ಅಯ್ಯೋ, ಹೊತ್ತಾಯ್ತು” ಅಂತ ಒಳಗೆ ಹೋದರು. ಹೆಂಗಸರು ಬಿಂದಿಗೆ ಎತ್ತಿಕೊಂಡರು. ಯಾರೂ ನಗಲಿಲ್ಲ.

ಗಾಡಿ ಒಂದೇ ಸಲಕ್ಕೆ ಹತ್ತಿಕೊಂಡಿತು.

ಬಿಡದಿ ಮುಟ್ಟುವಾಗ ಶಿಫ್ಟಿನ ಅರ್ಧ ಮುಗಿದಿತ್ತು. ಗೇಟಿನಲ್ಲಿ ನಿಂತಿದ್ದ ಸೂಪರ್‌ವೈಸರು ಗ್ರೀಸು, ರಕ್ತ ಮೆತ್ತಿದ್ದ ನನ್ನ ಕೈ ನೋಡಿ ಮೂಗು ಮುರಿದ. “ಲೇಟಾದ್ರೆ ಬರ್ಬೇಡ ಅಂತ ಹಿಂದೇನೇ ಹೇಳಿದ್ದೆ ನಿಂಗೆ. ನಿನ್ ಜಾಗಕ್ಕೆ ಆಳು ಹಾಕಾಯ್ತು, ಹೋಗಮ್ಮ.” ಗಾಡಿ ಕೆಟ್ಟಿತ್ತು ಸರ್ ಅಂದೆ. “ಗಂಡಸ್ರು ಗಾಡಿ ನಿಂಗ್ಯಾಕೆ?” ಅಂದ. ಟವಲಿನ ವಿಚಾರ ಹೇಳಲು ಬಾಯಿ ಬರಲಿಲ್ಲ. ನನ್ನ ಗಂಡನ ಮರ್ಯಾದೆ ಉಳಿಸಿದೆನೋ, ನನ್ನದೇ ಉಳಿಸಿಕೊಂಡೆನೋ, ಈಗಲೂ ಗೊತ್ತಿಲ್ಲ.

ಮಧ್ಯಾಹ್ನಕ್ಕೆ ಮನೆಗೆ ಬಂದಾಗ ಅವರು ಅದೇ ಜಗಲಿಯಲ್ಲಿದ್ದರು.

“ಬೇಗ ಬಂದ್ಯಲ್ಲ” ಅಂದರು.

“ಕೆಲಸ ಹೋಯ್ತು. ಯಾಕ್ ಹಿಂಗ್ ಮಾಡಿದ್ರಿ?”

ಸುಳ್ಳು ಹೇಳುತ್ತಾರೆ ಅಂದುಕೊಂಡಿದ್ದೆ. ಹೇಳಲಿಲ್ಲ. “ನಾನ್ ಇಲ್ಲಿ ಕುಂತಿರ್ತೀನಿ, ನೀನು ನನ್ ಮುಂದೇನೇ ಅದರ ಮ್ಯಾಲೆ ಕಾಲ್ ಹಾಕ್ತೀಯ. ಊರೆಲ್ಲ ಆವಾಗ ನಿನ್ನ ನೋಡಕಿಲ್ಲ, ನನ್ನ ನೋಡ್ತದೆ.”

“ಸರಿ. ಕರೆಂಟ್ ಹೊಡಿಸಿದ್ದು ಯಾಕೆ?”

ಊರುಗೋಲಿನ ತುದಿಯಲ್ಲಿ ನೆಲ ಕೆರೆದರು. “ನೀನು ಬೀಳದು ನೋಡ್ಬೇಕಿತ್ತು” ಅಂದರು.

ನಾನು ಒಳಗೆ ಹೋಗಿ ಅನ್ನಕ್ಕಿಟ್ಟೆ. ಅಳು ಬರಲಿಲ್ಲ. ತಟ್ಟೆ ತಂದು ಮುಂದಿಟ್ಟೆ, ಉಂಡರು.

ಈಗ ಚನ್ನಪಟ್ಟಣದಲ್ಲಿ ಬೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುವ ಕಡೆ ಕೆಲಸ ಮಾಡುತ್ತೇನೆ. ಗಾಡಿಯನ್ನು ಅಂಗಳದಲ್ಲಿ ಬಿಡುವುದಿಲ್ಲ. ಒಳಗೆ ತಂದು, ಅವರ ಮಂಚದ ಪಕ್ಕದಲ್ಲೇ ನಿಲ್ಲಿಸಿ, ಬೀಗದ ಕೈ ತಾಳಿ ಸರಕ್ಕೆ ಕಟ್ಟಿಕೊಳ್ಳುತ್ತೇನೆ. ಬೇರೆ ಕಡೆ ನಿಲ್ಲಿಸು ಅಂತ ಅವರು ಮೊದಮೊದಲು ಕೇಳುತ್ತಿದ್ದರು. ಜಾಗ ಇಲ್ಲ ಅನ್ನುತ್ತಿದ್ದೆ. ಜಾಗ ಇತ್ತು.

ಹೋದ ಮಳೆಗಾಲದಲ್ಲಿ ಹಾಸ್ಟೆಲಿನಲ್ಲಿರುವ ಮಗಳನ್ನು ನೋಡಲು ಮಾಗಡಿಗೆ ಹೊರಟಿದ್ದೆ. ಮಾಗಡಿ ಇನ್ನೂ ದೂರವಿರುವಾಗ ಮಳೆ ಸುರಿದು ಗಾಡಿ ನಿಂತುಹೋಯಿತು. ಸೆಲ್ಫ್ ಒತ್ತಿದರೆ ತಿರುಗುತ್ತದೆ, ಹತ್ತಿಕೊಳ್ಳುವುದಿಲ್ಲ. ಸುತ್ತ ರಾಗಿ ಹೊಲ, ತೆಂಗಿನ ತೋಟ, ಒಂದು ನರಪಿಳ್ಳೆ ಇಲ್ಲ. ಬೇರೆ ಯಾರೂ ತೋಚದೆ ಅವರಿಗೇ ಫೋನ್ ಮಾಡಿದೆ.

“ಪ್ಲಗ್ ಕ್ಯಾಪೊಳಿಕ್ಕೆ ನೀರ್ ಹೋಗಿರ್ತದೆ” ಅಂದರು ತಕ್ಷಣ. “ಕ್ಯಾಪ್ ಕಿತ್ತು ಒಣಗಿದ ಬಟ್ಟೇಲಿ ವರೆಸು, ಊದು, ಹಾಕು. ಗಾಡಿ ಆಫ್ ಮಾಡಿ ಮುಟ್ಟು. ನಿಜ ಹೇಳ್ತಾ ಇವ್ನಿ ಕಣೇ.”

ಫೋನ್ ಇಟ್ಟೆ. ಕೈ ಆ ಕ್ಯಾಪಿನ ಹತ್ತಿರ ಹೋಗಲೇ ಇಲ್ಲ. ಮಳೆಯಲ್ಲಿ ನೆನೆಯುತ್ತಾ ಮಾಗಡಿಯ ತನಕ ಗಾಡಿ ತಳ್ಳಿದೆ. ಮೆಕ್ಯಾನಿಕ್ಕು ಕ್ಯಾಪ್ ಕಿತ್ತು, ಬಟ್ಟೆಯಲ್ಲಿ ಒರೆಸಿ, ಊದಿ, ಹಾಕಿದ. ಹತ್ತಿಕೊಂಡಿತು.

ಮನೆಗೆ ಬಂದಾಗ ಅವರು ಬಾಗಿಲಲ್ಲೇ ನಿಂತಿದ್ದರು. “ನಾನ್ ಹೇಳಿದ್ದೇ ತಾನೆ? ಕ್ಯಾಪ್ ತಾನೆ?” ಅಂತ ಕೇಳಿದರು.

“ಅಲ್ಲ” ಅಂದೆ. ಗಾಡಿಯನ್ನು ಅವರ ಮಂಚದ ಪಕ್ಕಕ್ಕೆ ತಳ್ಳಿಕೊಂಡು ಹೋದೆ.