ಇಪ್ಪತ್ತಮೂರು ಸೋಲು, ಹನ್ನೂರಿನಲ್ಲಿ ಒಂದೂ ಇಲ್ಲ

ಬೆಳಗಿನ ಐದೂವರೆ. ಸೊಲ್ಲಾಪುರದ ಹತ್ತಿರ ಚಿಂಚೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದ ಗೋದಾಮೊಂದರ ಹಿತ್ತಲು. ನೂಲಿನ ಮೂಟೆಯೊಂದನ್ನು ಗೋಡೆಗೆ ಒರಗಿಸಿ, ಕೈಗೆ ಬಟ್ಟೆಪಟ್ಟಿ ಸುತ್ತಿಕೊಂಡು ಸಿದ್ದೇಶ್ವರ ಅದನ್ನು ಗುದ್ದುತ್ತಿದ್ದಾರೆ. ಎಡಗೈ ಎರಡು ಸಲ, ಬಲಗೈ ಒಂದು ಸಲ, ಪಕ್ಕಕ್ಕೊಂದು ಹೆಜ್ಜೆ. ಗೇಟಿನಲ್ಲಿ ಕಾವಲುಗಾರ ನಾಗಣ್ಣ ಕಬ್ಬಿಣದ ತಗಡು ಬಡಿದರೆ ಮೂರು ನಿಮಿಷದ ಸುತ್ತು ಮುಗಿದಂತೆ. ಆದರೆ ಈಗಷ್ಟೇ ನಾಗಣ್ಣನಿಗೆ ಚಹಾ ಬಂದಿದೆ. ಅದು ಮುಗಿಯುವ ತನಕ ಸುತ್ತೂ ಮುಗಿಯುವುದಿಲ್ಲ.

“ನಾಗಣ್ಣನ ಮೂರು ಮಿನಿಟ್ ಒಮ್ಮೊಮ್ಮೆ ಐದ ಆಗ್ತೈತ್ರಿ. ಛಲೋನ ಆತು, ದಮ್ ಹೆಚ್ಚಾಗ್ತೈತಿ,” ಎಂದು ಅವರು ಏದುಸಿರಿನಲ್ಲೇ ನಗುತ್ತಾರೆ.

ಏಳು ಗಂಟೆಗೆ ಪಾಳಿ ಶುರು. ಇಷ್ಟು ಹೊತ್ತು ಗುದ್ದಿಸಿಕೊಂಡ ಮೂಟೆಯನ್ನೇ ಹೊತ್ತು ಲಾರಿಗೇರಿಸುತ್ತಾರೆ. ಜೊತೆಯ ಹಮಾಲರಲ್ಲಿ ಹೆಚ್ಚಿನವರಿಗೆ ಈ ಮನುಷ್ಯ ಒಂದು ಕಾಲದ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್ ಎಂಬುದು ಗೊತ್ತಿಲ್ಲ. ಗೊತ್ತಿರುವವರು ನಂಬುವುದಿಲ್ಲ.

ಊರು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನ ಹನ್ನೂರ. ಮನೆಯಲ್ಲಿ ಹೊಲವಿದೆ, ತಮ್ಮ ನೋಡಿಕೊಳ್ಳುತ್ತಾನೆ. ಅಜ್ಜ ಸಾಯಬಣ್ಣ ಹೆಸರಾಂತ ಪೈಲವಾನರು. ಮೊಮ್ಮಗನೂ ತಾಲೀಮಿನ ಕೆಮ್ಮಣ್ಣಿನಲ್ಲೇ ಬೆಳೆದವ. ಸೊಲ್ಲಾಪುರಕ್ಕೆ ಸಾಲಿ ಕಲಿಯಲು ಬಂದಾಗ ಸೈನ್ಯದಿಂದ ನಿವೃತ್ತರಾಗಿದ್ದ ತರಬೇತುದಾರರೊಬ್ಬರ ಕಣ್ಣಿಗೆ ಬಿದ್ದ. ಇಪ್ಪತ್ತೊಂದಕ್ಕೆ ರಾಷ್ಟ್ರೀಯ ಚಿನ್ನ. ಒಲಿಂಪಿಕ್ ಆಯ್ಕೆಯ ಕೊನೆಯ ಪಂದ್ಯದಲ್ಲಿ ಒಂದೇ ಅಂಕದಿಂದ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆಮೇಲೆ ವೃತ್ತಿಪರ ಬಾಕ್ಸಿಂಗ್‌ಗೆ ಹೋದರು.

ಅಲ್ಲೇ ಎಡವಿದ್ದು. ಹವ್ಯಾಸಿ ಬಾಕ್ಸಿಂಗ್‌ನಲ್ಲಿ ಮೂರೇ ಸುತ್ತು. ಚುರುಕಾಗಿ ಮುಟ್ಟಿ ಹಿಂದೆ ಸರಿದರೂ ಅಂಕ ಸಿಗುತ್ತದೆ. ವೃತ್ತಿಪರರದು ಆರು, ಎಂಟು, ಹತ್ತು ಸುತ್ತು. ಅಲ್ಲಿ ಎದುರಾಳಿಯನ್ನು ಮುಟ್ಟಿದರೆ ಸಾಲದು, ಮುರಿಯಬೇಕು. ಒಲಿಂಪಿಕ್ ಚಿನ್ನ ಕೊರಳಿಗೆ ಹಾಕಿಕೊಂಡವರೇ ಈ ಹೊಸ ಆಟಕ್ಕೆ ಒಗ್ಗದೆ ಮುಗ್ಗರಿಸಿದ್ದಾರೆ. ಹನ್ನೂರಿನ ಹುಡುಗನ ಪಾಡು ಕೇಳಬೇಕೆ? ಮೊದಲ ನಾಲ್ಕು ಪಂದ್ಯ ಗೆದ್ದರು. ನಂತರ ಸಾಲುಸಾಲಾಗಿ ಸೋತರು.

ಸೋತವನನ್ನು ಯಾರೂ ಕರೆಯುವುದಿಲ್ಲ ಎಂದುಕೊಂಡಿದ್ದೆ. ತಪ್ಪು. ಸೋಲುವವನಿಗೆ ಬಾಕ್ಸಿಂಗ್‌ನಲ್ಲಿ ಭಾರೀ ಬೇಡಿಕೆ. ಪುಣೆಯಲ್ಲೋ ಹೈದರಾಬಾದಿನಲ್ಲೋ ಹೊಸ ಹುಡುಗನೊಬ್ಬ ಮೇಲೆ ಬರುತ್ತಿರುತ್ತಾನೆ. ಅವನ ಎದುರಿಗೆ ನಿಲ್ಲಲು ಹಳೆಯ ಪದಕದ ಹೆಸರೊಂದು ಬೇಕು. ಆ ಹೆಸರಿನವನು ಸುಲಭಕ್ಕೆ ಬೀಳಬಾರದು, ಹಾಗಂತ ಗೆಲ್ಲಲೂಬಾರದು. ಸಿದ್ದೇಶ್ವರ ಈ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದಾರೆ. ಮಂಗಳವಾರ ಫೋನ್ ಬರುತ್ತದೆ, ಶನಿವಾರ ಪಂದ್ಯ, ಸೋಮವಾರ ಮತ್ತೆ ಮೂಟೆ. ವಯಸ್ಸು ಮೂವತ್ತಮೂರು, ಸೋಲು ಇಪ್ಪತ್ತಮೂರು.

ಇದು ಮೋಸದ ಆಟವಲ್ಲವೇ ಎಂದು ಕೇಳಿಯೇಬಿಟ್ಟೆ. ಅವರಿಗೆ ಬೇಜಾರಾಗಲಿಲ್ಲ.

“ಸೋಲು ಅಂತ ಯಾರೂ ಹೇಳೂದಿಲ್ರಿ. ಗೆದ್ರ ಮುಂದಿನ ಫೋನ್ ಬರೂದಿಲ್ಲ, ಅಷ್ಟ. ನಾ ಸೋಲಾಕ ಆಡೂದಿಲ್ಲ. ಖರೆ ಹೇಳ್ಬೇಕಂದ್ರ ಗೆಲ್ಲಾಕೂ ಆಡೂದಿಲ್ಲ. ಕಡೀತನಕ ನಿಂತಿರಾಕ ಆಡ್ತೀನಿ.”

ಈ ಇಪ್ಪತ್ತಮೂರು ಸೋಲಿನಲ್ಲಿ ಒಂದನ್ನೂ ಹನ್ನೂರ ಒಪ್ಪಿಲ್ಲ ಎಂಬುದೇ ತಮಾಷೆ. ಅದು ಕುಸ್ತಿಯ ಊರು. ಬೆನ್ನಿಗೆ ಮಣ್ಣು ಹತ್ತಿದರೆ ಸೋಲು, ಇಲ್ಲವಾದರೆ ಬರಾಬರಿ, ಇಬ್ಬರಿಗೂ ಒಂದೊಂದು ನಾರಳ, ಅಂದರೆ ತೆಂಗಿನಕಾಯಿ. ಮೂರು ಜನ ಕುರ್ಚಿ ಮೇಲೆ ಕೂತು ಅಂಕ ಬರೆಯುವುದೆಲ್ಲ ಅಲ್ಲಿ ನಡೆಯುವುದಿಲ್ಲ. ಮೊಮ್ಮಗ ಬಾತ ಮೋರೆ ಹೊತ್ತು ಬಂದಾಗಲೆಲ್ಲ ಸಾಯಬಣ್ಣ ಕೇಳುವುದು ಒಂದೇ ಮಾತು: “ಚಿತ್ ಆದ್ಯೇನು?” ಇಲ್ಲ ಎಂದರೆ, “ಮತ್ತ ಸೋಲು ಎಲ್ಲಿಂದು? ಉಣ್ಣು, ಕುಂಡ್ರು.”

ಎರಡು ತಿಂಗಳ ಹಿಂದೆ ನಾನು ಸಿದ್ದೇಶ್ವರರ ಮನೆಗೆ ಹೋದಾಗ ಅಲ್ಲಿ ನಗು ಕಡಿಮೆಯಿತ್ತು. ಮೊದಲ ಬಾರಿಗೆ ಸೊಲ್ಲಾಪುರದಲ್ಲೇ ವೃತ್ತಿಪರ ಪಂದ್ಯ ಗೊತ್ತಾಗಿತ್ತು. ಎದುರಾಳಿ ಸ್ವಪ್ನಿಲ, ನಗರದ ಬಟ್ಟೆ ವ್ಯಾಪಾರಿಗಳ ಮನೆಯವನು, ಒಂದೂ ಪಂದ್ಯ ಸೋತವನಲ್ಲ. ಅರ್ಧ ಪೇಟೆಯೇ ಟಿಕೆಟ್ ಕೊಂಡಿತ್ತು. ಸ್ವಂತ ಜಿಲ್ಲೆಯಲ್ಲೂ ಸಿದ್ದೇಶ್ವರರದು ಪರವೂರಿನವನ ಮೂಲೆಯೇ. ಅಜ್ಜ ಮಾತ್ರ ಊರಿನವರನ್ನು ಟೆಂಪೋ ತುಂಬಿಸಿಕೊಂಡು ಬರುವುದೇ ಸೈ ಎಂದು ಕೂತಿದ್ದರು. ಮೊಮ್ಮಗ ಕಾದಾಡುವುದನ್ನು ಅವರು ಎಂದೂ ನೋಡಿರಲಿಲ್ಲ.

“ಅಜ್ಜ ಎದುರಿಗೆ ಕುಂತಿರ್ತಾನ. ಸುಮ್ಮ ನಿಂತು ಹೊಡಿಸ್ಕೊಂಡ್ರ ಅಂವಗ ಗೊತ್ತಾಗ್ತೈತ್ರಿ,” ಎಂದರು ಸಿದ್ದೇಶ್ವರ. “ಆದ್ರ ಗೆದ್ನಂದ್ರ ಈ ಕೆಲಸ ಹೋತು. ಇದ ಬಿಟ್ರ ನಾ ಬಾಕ್ಸರ್ ಅಲ್ಲ, ಬರೇ ಹಮಾಲ.”

ಹೆಂಡತಿ ನಂದಾ ಇಂಡಿ ಕಡೆಯವರು. ರೊಟ್ಟಿ ಬಡಿಯುತ್ತಲೇ ಹೇಳಿದರು: “ಏನರೆ ಮಾಡ್ಲಿ. ಮನಿಗಿ ಬರೂಮುಂದ ತಲಿ ಮ್ಯಾಲ ಮಾಡಿ ಬಂದ್ರ ಸಾಕು.”

ಶನಿವಾರ ನಾನೂ ಹೋದೆ. ಮೊದಲೆರಡು ಸುತ್ತು ಎಂದಿನಂತೆಯೇ. ಸ್ವಪ್ನಿಲ ಮುನ್ನುಗ್ಗುತ್ತಾನೆ, ಇವರು ತೋಳು ಮುಂದೊಡ್ಡಿ ತಡೆಯುತ್ತಾರೆ, ಪೇಟೆಯವರು ಕೇಕೆ ಹಾಕುತ್ತಾರೆ. ಮೂರನೆಯ ಸುತ್ತಿಗೆ ಸಿದ್ದೇಶ್ವರ ಹಿಂದೆ ಸರಿಯುವುದನ್ನು ಬಿಟ್ಟರು. ಎಡಗೈ ಎರಡು ಸಲ, ಬಲಗೈ ಒಂದು ಸಲ, ಆಮೇಲೆ ಮತ್ತೊಂದು. ಐದನೆಯದಕ್ಕೆ ಹುಡುಗನ ಉಸಿರು ಕಟ್ಟಿತು, ಇವರದು ಕಟ್ಟಲಿಲ್ಲ. ನಾಗಣ್ಣನ ಚಹಾ ಕೆಲಸಕ್ಕೆ ಬಂದಿತ್ತು. ನಾನು ಕುರ್ಚಿಯಿಂದ ಎದ್ದು ಕೂಗುತ್ತಿದ್ದೆ, ವರದಿಗಾರ ಎಂಬ ಗತ್ತೆಲ್ಲ ಮರೆತು.

ಆರು ಸುತ್ತು ಮುಗಿದವು. ಮೂವರು ತೀರ್ಪುಗಾರರಲ್ಲಿ ಇಬ್ಬರು ಸಿದ್ದೇಶ್ವರ ಎಂದರು. ಎಂಟು ವರ್ಷದ ನಂತರ ಆ ಕೈ ಮೇಲೆದ್ದಿತು. ಸಭಾಂಗಣ ಗಪ್‌ಚುಪ್. ಹನ್ನೂರಿನವರು ಕೂಡ ಚಪ್ಪಾಳೆ ತಟ್ಟುವುದೋ ಬೇಡವೋ ತಿಳಿಯದೆ ಅಜ್ಜನ ಮೋರೆ ನೋಡಿದರು.

“ಕುಸ್ತಿ ಮುಗೀತೇನು?” ಎಂದು ಸಾಯಬಣ್ಣ ನನ್ನನ್ನು ಕೇಳಿದರು.

“ಮುಗೀತ್ರಿ. ನಿಮ್ಮ ಮೊಮ್ಮಗ ಗೆದ್ರು.”

“ಹೆಂಗ? ಆ ಹುಡುಗ ನಿಂತಾನಲ್ಲ!” ಎಂದರು ಮುದುಕರು. “ಬರಾಬರಿ ಆತು. ಇಬ್ಬರಿಗೂ ಒಂದೊಂದು ನಾರಳ ಕೊಡ್ರಿ.”

ಇದಾಗಿ ಎರಡು ತಿಂಗಳು. ಫೋನ್ ಬಂದಿಲ್ಲ. ಆಯೋಜಕರೊಬ್ಬರಿಗೆ ನಾನೇ ಕರೆಮಾಡಿ ಕೇಳಿದೆ. “ಒಳ್ಳೆ ಹುಡುಗ, ನೋಡೋಣ” ಎಂದರು. ಇಪ್ಪತ್ತಮೂರು ಸಲ ಸೋತಾಗ ಬೇಕಾಗಿದ್ದ ಮನುಷ್ಯ ಒಮ್ಮೆ ಗೆದ್ದದ್ದಕ್ಕೆ ಬೇಡವಾದ. ನನಗೆ ಸಿಟ್ಟು ಬಂತು, ಈಗಲೂ ಇಳಿದಿಲ್ಲ. ಮಂಗಳವಾರ ಬಂತೆಂದರೆ ಗಂಡ ಊಟಕ್ಕೂ ಫೋನ್ ತೆಗೆದುಕೊಂಡೇ ಕೂರುತ್ತಾರೆ ಎನ್ನುತ್ತಾರೆ ನಂದಾ.

ಹೊರಡುವಾಗ ಸಿದ್ದೇಶ್ವರ ಗೇಟಿನವರೆಗೆ ಬಂದರು. ಹೆಗಲ ಮೇಲೆ ಮೂಟೆಯ ನೂಲಿನ ಎಳೆಗಳು ಅಂಟಿದ್ದವು. ಅವರು ಮರಾಠಿ ಶಾಲೆಯಲ್ಲಿ ಕಲಿತವರು, ಕನ್ನಡದ ಈ ಬರಹವನ್ನು ನಂದಾ ಓದಿ ಹೇಳಬೇಕು. ಏನಾದರೂ ಬರೆಯಬೇಕೇ ಎಂದು ಕೇಳಿದೆ.

“ಬರೀರಿ. ಸಿದ್ದೇಶ್ವರ ಇನ್ನ ಆಡ್ತಾನ. ಯಾವ ಊರಿಗಿ ಕರದ್ರೂ ಬರ್ತಾನ. ಗೆಲ್ಲಾಕ ಬರ್ತಾನ.”